ಮನೆಯಂಗಳದ ದೂರದರ್ಶಕದಿಂದ ಉಪಗ್ರಹ ಛಾಯಾಗ್ರಹಣ

ಹವ್ಯಾಸಿ ಉಪಗ್ರಹ ಛಾಯಾಗ್ರಹಣ ಎಂದರೆ ಭೂಮಿಯನ್ನು ಸುತ್ತುತ್ತಿರುವ ಕೃತಕ ಉಪಗ್ರಹಗಳನ್ನೂ ಬಾಹ್ಯಾಕಾಶ ನಿಲ್ದಾಣಗಳನ್ನೂ ಮನೆಯ ಅಂಗಳ ಅಥವಾ ತಾರಸಿಯ ಮೇಲಿಟ್ಟ ಸಣ್ಣ ದೂರದರ್ಶಕದ ಮೂಲಕ ಚಿತ್ರಿಸುವ ಹವ್ಯಾಸ. ಉಪಗ್ರಹದಿಂದ ಭೂಮಿಯ ಚಿತ್ರ ತೆಗೆಯುವ ದೂರಸಂವೇದನೆಗಿಂತ ಇದು ಭಿನ್ನವಾದುದು. ಇಲ್ಲಿ ಭೂಮಿಯಿಂದ ಉಪಗ್ರಹದ ಚಿತ್ರವನ್ನು ತೆಗೆಯಲಾಗುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಈ ಹವ್ಯಾಸದ ಮುಖ್ಯ ಗುರಿ. ಅದು ಬರಿಗಣ್ಣಿಗೆ ಚಲಿಸುವ ನಕ್ಷತ್ರದಂತೆ ಕಂಡರೂ, 20 ಸೆಂ.ಮೀ. ವ್ಯಾಸದ ದರ್ಪಣವುಳ್ಳ ದೂರದರ್ಶಕದಲ್ಲಿ ಅದರ ಸೌರಫಲಕಗಳನ್ನೂ ನಡುವಿನ ಕೋಶಗಳನ್ನೂ ಬೇರೆಬೇರೆಯಾಗಿ ಗುರುತಿಸಬಹುದು.

ಇತರ ಖಗೋಳ ಛಾಯಾಗ್ರಹಣದಲ್ಲಿ ಮಂದ ಬೆಳಕನ್ನು ಸಂಗ್ರಹಿಸುವುದೇ ಮುಖ್ಯ ಸಮಸ್ಯೆ. ಉಪಗ್ರಹಗಳ ವಿಷಯದಲ್ಲಿ ಬೆಳಕಿಗೆ ಕೊರತೆಯಿಲ್ಲ. ವೇಗ ಮತ್ತು ಸಮಯಗಳೇ ಸಮಸ್ಯೆ. ಉಪಗ್ರಹ ದಿಗಂತದಿಂದ ದಿಗಂತಕ್ಕೆ ಹಾದುಹೋಗುವ ಕೆಲವೇ ನಿಮಿಷಗಳಲ್ಲಿ ತಪ್ಪನ್ನು ತಿದ್ದಿಕೊಳ್ಳಲು ಅವಕಾಶವಿರುವುದಿಲ್ಲ. ಆದ್ದರಿಂದ ಚಿತ್ರದ ಗುಣಮಟ್ಟವು ಬಹುಪಾಲು ಅದಕ್ಕೂ ಮುಂಚಿನ ಒಂದು ಗಂಟೆಯ ಸಿದ್ಧತೆಯಲ್ಲೇ ನಿರ್ಧಾರವಾಗುತ್ತದೆ.

ಇತಿಹಾಸ

ಉಪಗ್ರಹಗಳನ್ನು ಹವ್ಯಾಸಿಗಳು ವೀಕ್ಷಿಸುವ ಪರಂಪರೆ ಬಾಹ್ಯಾಕಾಶ ಯುಗದಷ್ಟೇ ಹಳೆಯದು. ಸ್ಮಿತ್ಸೋನಿಯನ್ ಖಭೌತ ವೀಕ್ಷಣಾಲಯದ ನಿರ್ದೇಶಕರಾಗಿದ್ದ ಫ್ರೆಡ್ ವಿಪಲ್ ಅವರು 1956ರಲ್ಲಿ 'ಆಪರೇಷನ್ ಮೂನ್‌ವಾಚ್' ಎಂಬ ಯೋಜನೆಯನ್ನು ಆರಂಭಿಸಿದರು. ಇನ್ನೂ ಉಡಾವಣೆಯಾಗದ ಉಪಗ್ರಹಗಳನ್ನು ಕಾಯಲು ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಇತರ ನಾಗರಿಕರ ತಂಡಗಳು ಸಣ್ಣ ದೂರದರ್ಶಕಗಳೊಂದಿಗೆ ಸಜ್ಜಾದವು. 1957ರ ಅಕ್ಟೋಬರ್ 4ರಂದು ಸೋವಿಯತ್ ಒಕ್ಕೂಟವು ಸ್ಪುಟ್ನಿಕ್-1 ಉಪಗ್ರಹವನ್ನು ಹಾರಿಸಿದಾಗ ಈ ತಂಡಗಳು ಅದರ ಚಲನೆಯನ್ನು ದಾಖಲಿಸಿದವು. ಆ ದಿನಗಳಲ್ಲಿ ಜನರು ಬರಿಗಣ್ಣಿನಿಂದ ಕಂಡದ್ದು ಹೆಚ್ಚಾಗಿ ಪುಟ್ಟ ಉಪಗ್ರಹವನ್ನಲ್ಲ, ಅದರೊಂದಿಗೆ ಕಕ್ಷೆ ಸೇರಿದ್ದ ರಾಕೆಟ್ಟಿನ ದೊಡ್ಡ ಭಾಗವನ್ನು.

ಅದೇ ಸಂಸ್ಥೆಯು ಬೇಕರ್-ನನ್ ಎಂಬ ದೊಡ್ಡ ಕ್ಯಾಮೆರಾಗಳನ್ನು ಜಗತ್ತಿನ 12 ಕೇಂದ್ರಗಳಲ್ಲಿ ಸ್ಥಾಪಿಸಿತು. ಅವುಗಳಲ್ಲಿ ಒಂದು ಭಾರತದ ನೈನಿತಾಲ್‌ನಲ್ಲಿತ್ತು. ಈ ಕ್ಯಾಮೆರಾಗಳು ಉಪಗ್ರಹದ ಆಕಾರವನ್ನಲ್ಲ, ನಕ್ಷತ್ರಗಳ ಹಿನ್ನೆಲೆಯಲ್ಲಿ ಅದರ ಸ್ಥಾನವನ್ನು ದಾಖಲಿಸುತ್ತಿದ್ದವು. ಮೂನ್‌ವಾಚ್ ಯೋಜನೆ 1975ರಲ್ಲಿ ಕೊನೆಗೊಂಡಿತು.

ಆಕಾರವನ್ನು ತೋರಿಸುವ ಚಿತ್ರಗಳು ಹವ್ಯಾಸಿಗಳಿಗೆ ವ್ಯಾಪಕವಾಗಿ ಸಾಧ್ಯವಾದದ್ದು ವಿಡಿಯೊ ಕ್ಯಾಮೆರಾ ಮತ್ತು ಡಿಜಿಟಲ್ ಸಂವೇದಕಗಳು ಬಂದ ಮೇಲೆ. 1998ರ ನವೆಂಬರ್‌ನಲ್ಲಿ ಮೊದಲ ಭಾಗ ಉಡಾವಣೆಯಾದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವು ಬೆಳೆದಂತೆಲ್ಲ ಈ ಹವ್ಯಾಸವೂ ಬೆಳೆಯಿತು. ಫ್ರಾನ್ಸಿನ ತಿಯರಿ ಲೆಗೊ ಅವರು 2006ರ ಸೆಪ್ಟೆಂಬರ್ 17ರಂದು ನಾರ್ಮಂಡಿಯಿಂದ ತೆಗೆದ ಚಿತ್ರದಲ್ಲಿ, ನಿಲ್ದಾಣವೂ ಅದರಿಂದ ಆಗಷ್ಟೇ ಬೇರ್ಪಟ್ಟ ಅಟ್ಲಾಂಟಿಸ್ ನೌಕೆಯೂ ಸೂರ್ಯಬಿಂಬದ ಮೇಲೆ ಎರಡು ಕಪ್ಪು ಆಕೃತಿಗಳಾಗಿ ಕಾಣಿಸುತ್ತವೆ. ನೆದರ್ಲೆಂಡ್ಸ್‌ನ ರಾಲ್ಫ್ ವಾಂಡೆಬರ್ಗ್ ಅವರು ದೂರದರ್ಶಕವನ್ನು ಕೈಯಿಂದಲೇ ತಿರುಗಿಸುತ್ತ ನಿಲ್ದಾಣದ ಸೂಕ್ಷ್ಮ ವಿವರಗಳನ್ನು ಸೆರೆಹಿಡಿದರು. 2022ರ ಮಾರ್ಚ್ 23ರಂದು ರಾಜಾ ಚಾರಿ ಮತ್ತು ಮಥಿಯಾಸ್ ಮೌರರ್ ಅವರು ಬಾಹ್ಯಾಕಾಶ ನಡಿಗೆ ಕೈಗೊಂಡಿದ್ದಾಗ, ಜರ್ಮನಿಯ ಸೆಬಾಸ್ಟಿಯನ್ ವೋಲ್ಟ್ಮರ್ ಅವರು ನೆಲದಿಂದ ಆ ದೃಶ್ಯವನ್ನು ಚಿತ್ರಿಸಿದರು.

ಗಾತ್ರ, ವೇಗ ಮತ್ತು ಬೆಳಕು

ಆಕಾಶದಲ್ಲಿ ವಸ್ತುವಿನ ತೋರಿಕೆಯ ಗಾತ್ರವನ್ನು ಕೋನದಲ್ಲಿ ಅಳೆಯಲಾಗುತ್ತದೆ. ಒಂದು ಡಿಗ್ರಿಗೆ 60 ಕಲೆಗಳು, ಒಂದು ಕಲೆಗೆ 60 ವಿಕಲೆಗಳು. ಬಾಹ್ಯಾಕಾಶ ನಿಲ್ದಾಣದ ಉದ್ದ ಸುಮಾರು 109 ಮೀಟರ್. ಅದು 420 ಕಿ.ಮೀ. ಎತ್ತರದಲ್ಲಿ ನೆತ್ತಿಯ ಮೇಲೆ ಹಾದುಹೋಗುವಾಗ ಸುಮಾರು 53 ವಿಕಲೆಗಳಷ್ಟು ಅಗಲವಾಗಿ ಕಾಣುತ್ತದೆ. ಗುರುಗ್ರಹದ ಬಿಂಬ 30ರಿಂದ 50 ವಿಕಲೆಗಳಷ್ಟಿರುವುದರಿಂದ, ಗುರುವಿನ ಪಟ್ಟೆಗಳನ್ನು ತೋರಿಸಬಲ್ಲ ದೂರದರ್ಶಕವು ನಿಲ್ದಾಣದ ಆಕಾರವನ್ನೂ ತೋರಿಸಬಲ್ಲುದು. ನಿಲ್ದಾಣವು ದಿಗಂತದಿಂದ 30 ಡಿಗ್ರಿ ಎತ್ತರದಲ್ಲಿದ್ದಾಗ ವೀಕ್ಷಕನಿಂದ ಸುಮಾರು 770 ಕಿ.ಮೀ. ದೂರವಿರುತ್ತದೆ, ಆಗ ಅದರ ತೋರಿಕೆಯ ಗಾತ್ರ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ.

ಹಬಲ್ ದೂರದರ್ಶಕದ ಉದ್ದ 13.2 ಮೀಟರ್. ಅದು ಸುಮಾರು 500 ಕಿ.ಮೀ. ಎತ್ತರದಲ್ಲಿ ಕೇವಲ 5 ವಿಕಲೆಗಳಷ್ಟಿದ್ದು, ಉದ್ದನೆಯ ಚುಕ್ಕೆಯಾಗಿ ಮಾತ್ರ ಮೂಡುತ್ತದೆ. ಹೆಚ್ಚಿನ ಉಪಗ್ರಹಗಳು ಇದಕ್ಕಿಂತಲೂ ಚಿಕ್ಕವು.

ಗುರು ಮತ್ತು ನಿಲ್ದಾಣಗಳ ನಡುವಿನ ವ್ಯತ್ಯಾಸವಿರುವುದು ವೇಗದಲ್ಲಿ. ನಿಲ್ದಾಣವು ಸೆಕೆಂಡಿಗೆ ಸುಮಾರು 7.66 ಕಿ.ಮೀ. ವೇಗದಲ್ಲಿ ಚಲಿಸುತ್ತದೆ. ನೆತ್ತಿಯ ಮೇಲಿದ್ದಾಗ ಇದು ಸೆಕೆಂಡಿಗೆ ಸುಮಾರು 1 ಡಿಗ್ರಿಯಷ್ಟಾಗುತ್ತದೆ. ಅಂದರೆ ಹುಣ್ಣಿಮೆಯ ಚಂದ್ರನ ಅಗಲವನ್ನು ಅರ್ಧ ಸೆಕೆಂಡಿನಲ್ಲಿ ದಾಟುವ ವೇಗ. ದೂರದರ್ಶಕ ಸ್ಥಿರವಾಗಿದ್ದರೆ, ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿಯೇ ಬಿಂಬ 3.8 ವಿಕಲೆಗಳಷ್ಟು ಸರಿಯುತ್ತದೆ. ಇದು ನಿಲ್ದಾಣದ ಮೇಲಿನ 7ರಿಂದ 8 ಮೀಟರ್ ವಿವರವನ್ನು ಅಳಿಸಿಹಾಕಲು ಸಾಕು. 20 ಸೆಂ.ಮೀ. ದೂರದರ್ಶಕವು ತಾತ್ವಿಕವಾಗಿ ಸುಮಾರು 0.6 ವಿಕಲೆ, ಅಂದರೆ ಆ ದೂರದಲ್ಲಿ ಒಂದು ಮೀಟರಿಗೂ ತುಸು ಹೆಚ್ಚಿನ ವಿವರವನ್ನು ಬೇರ್ಪಡಿಸಬಲ್ಲುದು. ಚಲನೆಯ ಹತ್ತರಲ್ಲಿ ಒಂಬತ್ತು ಪಾಲನ್ನು ದೂರದರ್ಶಕದ ತಿರುಗುವಿಕೆಯಿಂದ ಸರಿದೂಗಿಸಿದರೂ ಈ ಸಾಮರ್ಥ್ಯದ ಬಹುಭಾಗ ಉಳಿಯುತ್ತದೆ. ಪರಿಪೂರ್ಣವಾಗಿ ಹಿಂಬಾಲಿಸುವ ಅಗತ್ಯವಿಲ್ಲ.

ಬೆಳಕಿನ ಲೆಕ್ಕ ಸರಳ. ಸೂರ್ಯನ ಬೆಳಕಿನಲ್ಲಿರುವ ಉಪಗ್ರಹವು ನಡುಹಗಲಿನ ಬಿಸಿಲಿನಲ್ಲಿಟ್ಟ ವಸ್ತುವಿನಂತೆಯೇ. ಬಿಂಬವಾಗಿ ಕಾಣುವ ವಸ್ತುವಿನ ಮೇಲ್ಮೈ ಪ್ರಕಾಶ ದೂರದಿಂದ ಕುಂದುವುದಿಲ್ಲ. ಆದ್ದರಿಂದ ರಾತ್ರಿಯ ಆಕಾಶದಲ್ಲಿಯೂ ಹಗಲಿನ ಎಕ್ಸ್‌ಪೋಷರ್ ಅವಧಿಯೇ ಸಾಕಾಗುತ್ತದೆ. ಹೊಸಬರ ಚಿತ್ರಗಳಲ್ಲಿ ನಿಲ್ದಾಣವು ಬಿಳಿಯ ಮುದ್ದೆಯಾಗಿ ಕಾಣಲು ಅತಿಯಾದ ಎಕ್ಸ್‌ಪೋಷರ್ ಒಂದು ಮುಖ್ಯ ಕಾರಣ.

ಗೋಚರತೆ ಮತ್ತು ಮುನ್ಸೂಚನೆ

ಉಪಗ್ರಹ ಕಾಣಬೇಕಾದರೆ ನೆಲದಲ್ಲಿ ಕತ್ತಲಿದ್ದು, ಉಪಗ್ರಹದ ಮೇಲೆ ಬಿಸಿಲಿರಬೇಕು. 420 ಕಿ.ಮೀ. ಎತ್ತರದ ಉಪಗ್ರಹಕ್ಕೆ, ಅದು ನೆತ್ತಿಯ ಮೇಲಿರುವಾಗ, ಸೂರ್ಯ ದಿಗಂತಕ್ಕಿಂತ ಸುಮಾರು 20 ಡಿಗ್ರಿ ಕೆಳಗಿಳಿಯುವವರೆಗೆ ಬೆಳಕು ಸಿಗುತ್ತದೆ. ಕರ್ನಾಟಕದಂತಹ ಕಡಿಮೆ ಅಕ್ಷಾಂಶದ ಪ್ರದೇಶಗಳಲ್ಲಿ ಸೂರ್ಯ ಬಹುತೇಕ ನೇರವಾಗಿ ಮುಳುಗುವುದರಿಂದ, ಇದು ಸೂರ್ಯಾಸ್ತದ ನಂತರ ಸುಮಾರು 80ರಿಂದ 90 ನಿಮಿಷಗಳ ಅವಧಿ. ಸೂರ್ಯೋದಯಕ್ಕೆ ಮುಂಚೆಯೂ ಇಷ್ಟೇ ಅವಧಿ ದೊರೆಯುತ್ತದೆ. ಯುರೋಪಿನ ಬೇಸಿಗೆಯಲ್ಲಿ ಒಂದೇ ರಾತ್ರಿ ಹಲವು ಬಾರಿ ನಿಲ್ದಾಣ ಕಾಣುವಂತೆ ಇಲ್ಲಿ ಕಾಣುವುದಿಲ್ಲ. ಆದರೆ 28.5 ಡಿಗ್ರಿ ಓರೆಯ ಕಕ್ಷೆಯಲ್ಲಿರುವ ಹಬಲ್, ಉತ್ತರ ಯುರೋಪಿನ ವೀಕ್ಷಕರಿಗೆ ಕಾಣದಿದ್ದರೂ, ದಕ್ಷಿಣ ಭಾರತದಲ್ಲಿ ನೆತ್ತಿಯ ಸಮೀಪವೇ ಹಾದುಹೋಗುತ್ತದೆ.

ಉಪಗ್ರಹ ಕಾಣುವ ಸಮಯವನ್ನು, ಟಿಎಲ್‌ಇ ಎಂದು ಕರೆಯಲಾಗುವ ಎರಡು ಸಾಲಿನ ಕಕ್ಷಾ ಅಂಶಗಳಿಂದ ಲೆಕ್ಕಹಾಕಲಾಗುತ್ತದೆ. ಸೆಲೆಸ್‌ಟ್ರ್ಯಾಕ್ ಜಾಲತಾಣವು ಈ ಅಂಶಗಳನ್ನು ಒದಗಿಸುತ್ತದೆ. ಹೆವೆನ್ಸ್-ಅಬವ್ ಜಾಲತಾಣವು ಸ್ಥಳಕ್ಕೆ ಅನುಗುಣವಾದ ವೇಳಾಪಟ್ಟಿಯನ್ನೂ ನಕ್ಷತ್ರ ನಕ್ಷೆಯನ್ನೂ ನೀಡುತ್ತದೆ. ವಾತಾವರಣದ ಘರ್ಷಣೆಯಿಂದ ಕಕ್ಷೆ ಕುಗ್ಗುತ್ತಿರುತ್ತದೆ. ನಿಲ್ದಾಣವನ್ನು ಆಗಾಗ ಎಂಜಿನ್ ಉರಿಸಿ ಮೇಲೇರಿಸಲಾಗುತ್ತದೆ. ಹೀಗಾಗಿ ಹಳೆಯ ಅಂಶಗಳಿಂದ ಮಾಡಿದ ಲೆಕ್ಕ ಕೆಲವು ಸೆಕೆಂಡುಗಳಷ್ಟು ತಪ್ಪಬಹುದು. ಒಂದು ಸೆಕೆಂಡಿನ ತಪ್ಪು ಆಕಾಶದಲ್ಲಿ ಒಂದು ಡಿಗ್ರಿಯ ತಪ್ಪಿಗೆ ಸಮ. ಆದ್ದರಿಂದ ಅದೇ ದಿನದ ಅಂಶಗಳನ್ನು ಬಳಸುವುದು, ಸ್ಥಳದ ಅಕ್ಷಾಂಶ-ರೇಖಾಂಶಗಳನ್ನು ಜಿಪಿಎಸ್‌ನಿಂದ ಪಡೆಯುವುದು, ಗಣಕದ ಗಡಿಯಾರವನ್ನು ಅಂತರಜಾಲದ ಸಮಯಕ್ಕೆ ಹೊಂದಿಸುವುದು ಅಗತ್ಯ. ಭಾರತೀಯ ಕಾಲಮಾನವು ವಿಶ್ವ ಸಮಯಕ್ಕಿಂತ 5 ಗಂಟೆ 30 ನಿಮಿಷ ಮುಂದಿರುವುದರಿಂದ, ತಂತ್ರಾಂಶದಲ್ಲಿ ಸಮಯವಲಯ ಸರಿಯಾಗಿದೆಯೇ ಎಂಬುದನ್ನೂ ಪರಿಶೀಲಿಸಬೇಕಾಗುತ್ತದೆ.

ಉಪಕರಣಗಳು

ದೂರದರ್ಶಕ: 15ರಿಂದ 28 ಸೆಂ.ಮೀ. ವ್ಯಾಸದ ನ್ಯೂಟೋನಿಯನ್ ಅಥವಾ ಶ್ಮಿಟ್-ಕ್ಯಾಸೆಗ್ರೇನ್ ಮಾದರಿಗಳು ಹೆಚ್ಚು ಬಳಕೆಯಲ್ಲಿವೆ. ಸರಳವಾದ ಡಾಬ್ಸೋನಿಯನ್ ಆಧಾರಪೀಠದ ಮೇಲಿನ 20 ಸೆಂ.ಮೀ. ನ್ಯೂಟೋನಿಯನ್ ದೂರದರ್ಶಕವು ಕಡಿಮೆ ವೆಚ್ಚದ, ಕೈಯಿಂದ ಸುಲಭವಾಗಿ ತಿರುಗಿಸಬಹುದಾದ ಆಯ್ಕೆ.

ಕ್ಯಾಮೆರಾ: ಸೆಕೆಂಡಿಗೆ 60 ಅಥವಾ ಅದಕ್ಕಿಂತ ಹೆಚ್ಚು ಚೌಕಟ್ಟುಗಳನ್ನು ದಾಖಲಿಸುವ ಗ್ರಹ ಛಾಯಾಗ್ರಹಣದ ಸಿಮಾಸ್ ಕ್ಯಾಮೆರಾಗಳು ಸೂಕ್ತ. 1200 ಮಿ.ಮೀ. ಸಂಗಮದೂರದ ದೂರದರ್ಶಕಕ್ಕೆ 2.9 ಮೈಕ್ರಾನ್ ಪಿಕ್ಸೆಲ್‌ಗಳ ಕ್ಯಾಮೆರಾ ಜೋಡಿಸಿದರೆ ಒಂದು ಪಿಕ್ಸೆಲ್‌ಗೆ 0.5 ವಿಕಲೆ ದೊರೆಯುತ್ತದೆ. ನೆತ್ತಿಯ ಮೇಲಿನ ನಿಲ್ದಾಣ ಸುಮಾರು 107 ಪಿಕ್ಸೆಲ್‌ಗಳಷ್ಟು ಅಗಲವಾಗಿ ಮೂಡುತ್ತದೆ. ಎರಡು ಪಟ್ಟಿನ ಬಾರ್ಲೊ ಮಸೂರ ಸೇರಿಸಿದರೆ ಬಿಂಬ ಇಮ್ಮಡಿಯಾಗುತ್ತದೆ. ಆದರೆ ನೋಟದ ಕ್ಷೇತ್ರ ಅರ್ಧಕ್ಕಿಳಿದು, ಗುರಿ ಹಿಡಿಯುವುದು ಅಷ್ಟೇ ಕಠಿಣವಾಗುತ್ತದೆ. ಆರಂಭದಲ್ಲಿ ಬಾರ್ಲೊ ಇಲ್ಲದೆ ಅಭ್ಯಾಸ ಮಾಡುವುದು ವಾಡಿಕೆ.

ಫೈಂಡರ್: ಅಡ್ಡಗೆರೆಗಳುಳ್ಳ ಸಣ್ಣ ಸಹಾಯಕ ದೂರದರ್ಶಕ. ಮೇಲೆ ಹೇಳಿದ ಜೋಡಣೆಯಲ್ಲಿ 5.6 ಮಿ.ಮೀ. ಅಗಲದ ಸಂವೇದಕಕ್ಕೆ ಕಾಣುವ ಆಕಾಶ ಕೇವಲ 16 ಕಲೆಗಳಷ್ಟು, ಅಂದರೆ ಚಂದ್ರಬಿಂಬದ ಅರ್ಧದಷ್ಟು. ಕೈಯಿಂದ ಹಿಂಬಾಲಿಸುವವರಿಗೆ ಫೈಂಡರ್‌ನ ನಿಖರತೆಯೇ ನಿರ್ಣಾಯಕ.

ಸಿದ್ಧತೆ

ಸಿದ್ಧತೆಯ ಹಂತಗಳಿಗೆ ನಿರ್ದಿಷ್ಟ ಕ್ರಮವಿದೆ. ಹಿಂದಿನ ಹಂತದ ತಪ್ಪು ಮುಂದಿನದನ್ನು ವ್ಯರ್ಥಗೊಳಿಸುತ್ತದೆ.

1. ದೂರದರ್ಶಕವನ್ನು ಸುಮಾರು ಒಂದು ಗಂಟೆ ಮುಂಚೆ ಹೊರಗಿಟ್ಟು, ದರ್ಪಣವು ಹೊರಗಿನ ಉಷ್ಣತೆಗೆ ಹೊಂದಿಕೊಳ್ಳಲು ಬಿಡಬೇಕು. ಹಗಲೆಲ್ಲ ಕಾದ ಕಾಂಕ್ರೀಟ್ ತಾರಸಿಯಿಂದ ಏಳುವ ಬಿಸಿಗಾಳಿ ಬಿಂಬವನ್ನು ಕದಡುವುದರಿಂದ, ಹುಲ್ಲು ಅಥವಾ ಮಣ್ಣಿನ ನೆಲ ಮೇಲು.

2. ಎರಡು ದರ್ಪಣಗಳ ಅಕ್ಷಗಳು ಒಂದಕ್ಕೊಂದು ಹೊಂದಿವೆಯೇ ಎಂದು ಪರಿಶೀಲಿಸಿ ಸರಿಪಡಿಸಬೇಕು.

3. ಕ್ಯಾಮೆರಾ ಜೋಡಿಸಿ, ಪ್ರಕಾಶಮಾನ ನಕ್ಷತ್ರದ ಮೇಲೆ ಫೋಕಸ್ ಮಾಡಬೇಕು. ದೂರದರ್ಶಕದ ಬಾಯಿಗೆ ಇಡುವ ಬಹ್ತಿನೊವ್ ಮುಸುಕು ನಕ್ಷತ್ರದ ಸುತ್ತ ಮೂರು ಕಿರಣರೇಖೆಗಳನ್ನು ಮೂಡಿಸುತ್ತದೆ; ನಡುವಿನ ರೇಖೆ ಉಳಿದೆರಡರ ಛೇದಬಿಂದುವನ್ನು ಹಾದಾಗ ಫೋಕಸ್ ಸರಿಯಾಗಿದೆ ಎಂದರ್ಥ. ಬಳಿಕ ಮುಸುಕನ್ನು ತೆಗೆದು ಫೋಕಸ್ ತಿರುಪನ್ನು ಬಿಗಿಗೊಳಿಸಬೇಕು. ಉಪಗ್ರಹ ಹಾದುಹೋಗುವಾಗ ಫೋಕಸ್ ತಿದ್ದಲು ಸಮಯವಿರುವುದಿಲ್ಲ.

4. ಅದೇ ನಕ್ಷತ್ರವನ್ನು ಸಂವೇದಕದ ನಡುವೆ ತಂದು, ಫೈಂಡರ್‌ನ ಅಡ್ಡಗೆರೆಗಳ ಛೇದಕ್ಕೆ ಹೊಂದಿಸಬೇಕು. ದೂರದರ್ಶಕವನ್ನು ಆಕಾಶದ ಬೇರೊಂದು ದಿಕ್ಕಿಗೆ ತಿರುಗಿಸಿ, ಹೊಂದಾಣಿಕೆ ಉಳಿದಿದೆಯೇ ಎಂದು ಮತ್ತೊಮ್ಮೆ ನೋಡಬೇಕು. ಕ್ಯಾಮೆರಾದ ಭಾರಕ್ಕೆ ನಳಿಗೆ ಬಾಗುವ ಸಾಧ್ಯತೆ ಇರುವುದರಿಂದ ಈ ಎರಡನೆಯ ಪರೀಕ್ಷೆ ಮುಖ್ಯ.

5. ಉಪಗ್ರಹದ ಹಾದಿಯನ್ನು ಒಮ್ಮೆ ಬರಿದೇ ಅನುಸರಿಸಿ, ಮರ, ಗೋಡೆ ಅಥವಾ ಕೇಬಲ್ ಅಡ್ಡಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು.

ಹಿಂಬಾಲಿಸುವ ವಿಧಾನಗಳು

ಕೈಯಿಂದ ಹಿಂಬಾಲಿಸುವುದು: ವೀಕ್ಷಕನು ಫೈಂಡರ್‌ನಲ್ಲಿ ಕಣ್ಣಿಟ್ಟು, ಉಪಗ್ರಹವನ್ನು ಅಡ್ಡಗೆರೆಗಳ ಛೇದದ ಬಳಿ ಇರಿಸುತ್ತ ದೂರದರ್ಶಕವನ್ನು ತಳ್ಳುತ್ತಾನೆ. ಕ್ಯಾಮೆರಾ ನಿರಂತರವಾಗಿ ವಿಡಿಯೊ ದಾಖಲಿಸುತ್ತಿರುತ್ತದೆ. ಸಾವಿರಾರು ಚೌಕಟ್ಟುಗಳಲ್ಲಿ ಕೆಲವೇ ನೂರರಲ್ಲಿ ಉಪಗ್ರಹ ಸಿಕ್ಕರೂ ಪ್ರಯತ್ನ ಯಶಸ್ವಿಯೇ.

ಹಾದಿಯಲ್ಲಿ ಕಾಯುವುದು: ಉಪಗ್ರಹ ಹಾದುಹೋಗಲಿರುವ ಬಿಂದುವಿಗೆ ದೂರದರ್ಶಕವನ್ನು ಮೊದಲೇ ಗುರಿಯಿಟ್ಟು ಕಾಯಲಾಗುತ್ತದೆ. ಉಪಗ್ರಹ ಕಾಲು ಸೆಕೆಂಡಿನಲ್ಲಿ ಕ್ಷೇತ್ರವನ್ನು ದಾಟುವುದರಿಂದ, ಸಿಗುವ ಚೌಕಟ್ಟುಗಳು ಕೆಲವೇ.

ಗಣಕದಿಂದ ಹಿಂಬಾಲಿಸುವುದು: ಮೋಟಾರುಗಳುಳ್ಳ ಆಧಾರಪೀಠವನ್ನು ಕಕ್ಷಾ ಅಂಶಗಳ ಆಧಾರದ ಮೇಲೆ ತಂತ್ರಾಂಶವು ನಡೆಸುತ್ತದೆ. ಸಮಯದ ಸಣ್ಣ ತಪ್ಪುಗಳನ್ನು ವೀಕ್ಷಕನು ಗುಂಡಿಗಳ ಮೂಲಕ ತಿದ್ದುತ್ತಾನೆ.

ಎತ್ತರ ಮತ್ತು ದಿಗಂಶಗಳ ಅಕ್ಷಗಳಲ್ಲಿ ತಿರುಗುವ ಆಧಾರಪೀಠಗಳಿಗೆ ನೆತ್ತಿಯ ಪ್ರದೇಶ ತೊಡಕಿನದು. ನಿಲ್ದಾಣ 60 ಡಿಗ್ರಿ ಎತ್ತರದಲ್ಲಿ ಹಾದುಹೋಗುವಾಗ ದಿಗಂಶದ ಅಕ್ಷವು ಸೆಕೆಂಡಿಗೆ ಸುಮಾರು 2 ಡಿಗ್ರಿ ತಿರುಗಬೇಕಾಗುತ್ತದೆ. 85 ಡಿಗ್ರಿ ಎತ್ತರದಲ್ಲಿ ಈ ವೇಗ 12 ಡಿಗ್ರಿಗೇರುತ್ತದೆ. ಆದ್ದರಿಂದ ಗರಿಷ್ಠ ಎತ್ತರ 50ರಿಂದ 75 ಡಿಗ್ರಿಯಷ್ಟಿರುವ ದಿನಗಳು ಅಭ್ಯಾಸಕ್ಕೆ ಅನುಕೂಲ. ನೆತ್ತಿಯ ಮೇಲೆ ಹಾಯುವ ನಿಲ್ದಾಣವು ದಿಗಂತದಿಂದ ದಿಗಂತಕ್ಕೆ ಸುಮಾರು 10 ನಿಮಿಷ ತೆಗೆದುಕೊಂಡರೂ, 45 ಡಿಗ್ರಿಗಿಂತ ಮೇಲಿರುವುದು ಒಂದೂಮುಕ್ಕಾಲು ನಿಮಿಷ ಮಾತ್ರ. ಒಳ್ಳೆಯ ಚಿತ್ರಗಳು ಬಹುತೇಕ ಈ ಅವಧಿಯಲ್ಲೇ ದೊರೆಯುತ್ತವೆ.

ದಾಖಲೆ ಮತ್ತು ಸಂಸ್ಕರಣೆ

ನಿಲ್ದಾಣಕ್ಕೆ ಸೆಕೆಂಡಿನ 1/1000ರಿಂದ 1/2000ರಷ್ಟು ಎಕ್ಸ್‌ಪೋಷರ್ ಸಾಮಾನ್ಯ. ನಿಲ್ದಾಣ ಮೇಲೇರಿದಂತೆ ಅದರ ಮೇಲೆ ಬಿಸಿಲು ಬೀಳುವ ಕೋನ ಬದಲಾಗಿ ಪ್ರಕಾಶ ಹೆಚ್ಚುವುದರಿಂದ, ಆರಂಭದಲ್ಲಿ ಬಿಂಬ ತುಸು ಮಂದವಾಗಿಯೇ ಕಾಣುವಂತೆ ಹೊಂದಿಸಲಾಗುತ್ತದೆ. ಮಂದ ಬಿಂಬವನ್ನು ನಂತರ ಬೆಳಗಿಸಬಹುದು. ಬಿಳಿಚಿಹೋದ ಭಾಗದ ವಿವರ ಮರಳಿ ಬರುವುದಿಲ್ಲ.

ಚೌಕಟ್ಟುಗಳಿಂದ ಉಪಗ್ರಹವಿರುವವನ್ನು ಆಯ್ದು ನಡುವಿಗೆ ತರಲು ಪಿಪ್, ಒಂದರ ಮೇಲೊಂದು ಪೇರಿಸಲು ಆಟೋಸ್ಟ್ಯಾಕರ್ಟ್, ವಿವರಗಳನ್ನು ಚುರುಕುಗೊಳಿಸಲು ರೆಜಿಸ್ಟ್ಯಾಕ್ಸ್ ಮೊದಲಾದ ತಂತ್ರಾಂಶಗಳು ಬಳಕೆಯಲ್ಲಿವೆ. ಉಪಗ್ರಹದ ತೋರಿಕೆಯ ಕೋನ ಬೇಗ ಬದಲಾಗುವುದರಿಂದ, ಒಂದೆರಡು ಸೆಕೆಂಡುಗಳೊಳಗಿನ ಚೌಕಟ್ಟುಗಳನ್ನು ಮಾತ್ರ ಒಟ್ಟಿಗೆ ಪೇರಿಸಬೇಕು.

ಈ ಹಂತದಲ್ಲಿ ಸತ್ಯದ ಪ್ರಶ್ನೆಯೂ ಇದೆ. ವಾತಾವರಣದ ಕಂಪನ ಸಾಧಾರಣವಾಗಿ 2 ವಿಕಲೆಗಳಷ್ಟಿದ್ದರೆ, ಅದು ನಿಲ್ದಾಣದ ಮೇಲೆ 4 ಮೀಟರಿಗೆ ಸಮ. ಅತಿಯಾಗಿ ಚುರುಕುಗೊಳಿಸಿದಾಗ ಸಂವೇದಕದ ಗದ್ದಲವೂ ಗಾಳಿಯ ಕಂಪನವೂ ಯಂತ್ರಭಾಗಗಳಂತೆ ಕಾಣುವ ಮಿಥ್ಯ ವಿವರಗಳಾಗಿ ಮೂಡುತ್ತವೆ. ಒಂದೇ ಚೌಕಟ್ಟಿನಲ್ಲಿ ಕಂಡು ಅದರ ಹಿಂದುಮುಂದಿನ ಚೌಕಟ್ಟುಗಳಲ್ಲಿ ಕಾಣದ ವಿವರವನ್ನು ನಂಬಲಾಗದು. ಅನುಭವಿಗಳು ಮೂಲ ವಿಡಿಯೊವನ್ನು ಉಳಿಸಿಕೊಂಡು, ಸಮಯ, ಸ್ಥಳ, ಎಕ್ಸ್‌ಪೋಷರ್ ಮತ್ತು ಸಂಸ್ಕರಣೆಯ ವಿವರಗಳನ್ನು ಚಿತ್ರದೊಂದಿಗೆ ನೀಡುತ್ತಾರೆ.

ಸೂರ್ಯ ಮತ್ತು ಚಂದ್ರರ ಮೇಲಿನ ಸಂಕ್ರಮಣ

ಉಪಗ್ರಹವು ಸೂರ್ಯ ಅಥವಾ ಚಂದ್ರನ ಬಿಂಬದ ಮುಂದೆ ಹಾಯುವುದನ್ನು ಸಂಕ್ರಮಣ ಎನ್ನಲಾಗುತ್ತದೆ. ಇಲ್ಲಿ ಉಪಗ್ರಹವನ್ನು ಹಿಂಬಾಲಿಸಬೇಕಿಲ್ಲ. ಸರಿಯಾದ ಜಾಗದಲ್ಲಿರುವುದೇ ಸವಾಲು. ಸೂರ್ಯ ನೆತ್ತಿಯ ಸಮೀಪವಿದ್ದಾಗ ನಿಲ್ದಾಣದ ಸಂಕ್ರಮಣ ಕಾಣುವ ನೆಲದ ಪಟ್ಟಿಯ ಅಗಲ ಸುಮಾರು 4 ಕಿ.ಮೀ. ಮಾತ್ರ, ಘಟನೆಯ ಅವಧಿ ಅರ್ಧ ಸೆಕೆಂಡು. ಸೂರ್ಯ ಕೆಳಗಿದ್ದಷ್ಟೂ ಪಟ್ಟಿಯೂ ಅವಧಿಯೂ ಹಿಗ್ಗುತ್ತವೆ, ನಿಲ್ದಾಣದ ಆಕೃತಿ ಕುಗ್ಗುತ್ತದೆ.

ಸೂರ್ಯನತ್ತ ತಿರುಗಿಸುವ ದೂರದರ್ಶಕದ ಮುಂಬಾಯಿಗೆ, ಅದಕ್ಕೆಂದೇ ತಯಾರಿಸಿದ ಸೌರಶೋಧಕವನ್ನು ಭದ್ರವಾಗಿ ಕಟ್ಟಿರಲೇಬೇಕು. ಕಣ್ಣಿನ ಬದಿಯಲ್ಲಿ ಇಡುವ ಶೋಧಕಗಳು ಕೇಂದ್ರೀಕೃತ ಬಿಸಿಗೆ ಒಡೆಯಬಹುದಾದ್ದರಿಂದ ಅಪಾಯಕಾರಿ. ಫೈಂಡರ್ ಅನ್ನು ತೆಗೆದಿಡಬೇಕು ಅಥವಾ ಮುಚ್ಚಿರಬೇಕು. ಶೋಧಕವಿಲ್ಲದ ದೂರದರ್ಶಕದಿಂದ ಕ್ಷಣಮಾತ್ರ ಸೂರ್ಯನನ್ನು ನೋಡಿದರೂ ಶಾಶ್ವತವಾಗಿ ದೃಷ್ಟಿ ಹೋಗಬಹುದು.

ಭೂಸ್ಥಿರ ಉಪಗ್ರಹಗಳು

ಸಮಭಾಜಕದ ಮೇಲೆ 35,786 ಕಿ.ಮೀ. ಎತ್ತರದಲ್ಲಿರುವ ಭೂಸ್ಥಿರ ಉಪಗ್ರಹಗಳು ಆಕಾಶದಲ್ಲಿ ನಿಂತಲ್ಲೇ ನಿಂತಂತೆ ಕಾಣುತ್ತವೆ. ಇಸ್ರೋದ ಇಂತಹ ಉಪಗ್ರಹಗಳನ್ನು ಹಾಸನದಲ್ಲಿರುವ ಮುಖ್ಯ ನಿಯಂತ್ರಣ ಕೇಂದ್ರದಿಂದ ನಿರ್ವಹಿಸಲಾಗುತ್ತದೆ. ಅಷ್ಟು ದೂರದಲ್ಲಿ 30 ಮೀಟರ್ ಅಗಲದ ಉಪಗ್ರಹವೂ 0.2 ವಿಕಲೆಗಿಂತ ಚಿಕ್ಕದಾದ್ದರಿಂದ ಆಕಾರ ಕಾಣುವುದಿಲ್ಲ. ಆದರೆ ಮೋಟಾರು ನಿಲ್ಲಿಸಿದ ದೂರದರ್ಶಕದಿಂದ ಕೆಲವು ಸೆಕೆಂಡುಗಳ ಎಕ್ಸ್‌ಪೋಷರ್ ತೆಗೆದಾಗ, ನಕ್ಷತ್ರಗಳು ಗೆರೆಗಳಾಗಿ ಎಳೆದುಹೋಗಿ, ಭೂಸ್ಥಿರ ಉಪಗ್ರಹ ಮಾತ್ರ ಚುಕ್ಕೆಯಾಗಿ ಉಳಿಯುತ್ತದೆ. ಭೂಮಿಯ ಭ್ರಮಣವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಇದು ಸರಳ ಪ್ರಯೋಗ.

ಮಹತ್ವ

ಹವ್ಯಾಸಿಗಳ ದಾಖಲೆಗಳು ಕುತೂಹಲಕ್ಕಷ್ಟೇ ಸೀಮಿತವಾಗಿಲ್ಲ. 2010ರ ಏಪ್ರಿಲ್‌ನಲ್ಲಿ ಅಮೆರಿಕವು ಕಕ್ಷೆಯನ್ನು ಪ್ರಕಟಿಸದೆ ಹಾರಿಸಿದ ಎಕ್ಸ್-37ಬಿ ನೌಕೆಯನ್ನು, ಮರುತಿಂಗಳೇ ವಿವಿಧ ದೇಶಗಳ ಹವ್ಯಾಸಿ ವೀಕ್ಷಕರು ಪತ್ತೆಹಚ್ಚಿ ಅದರ ಕಕ್ಷೆಯನ್ನು ಲೆಕ್ಕಹಾಕಿದರು. ಎಲ್ಲರ ನೆತ್ತಿಯ ಮೇಲೆ ಹಾಯುವ ವಸ್ತುಗಳ ಬಗೆಗಿನ ತಿಳಿವಳಿಕೆ ಕೆಲವೇ ಸರ್ಕಾರಗಳ ಕೈಯಲ್ಲಿ ಉಳಿಯದಂತೆ ಇಂತಹ ವೀಕ್ಷಣೆಗಳು ನೋಡಿಕೊಳ್ಳುತ್ತವೆ.

ಇನ್ನೊಂದು ಮುಖವೂ ಇದೆ. 2019ರ ಮೇ ತಿಂಗಳಲ್ಲಿ ಮೊದಲ 60 ಸ್ಟಾರ್‌ಲಿಂಕ್ ಉಪಗ್ರಹಗಳ ಉಡಾವಣೆಯಾದಂದಿನಿಂದ ಉಪಗ್ರಹಗಳ ಸಂಖ್ಯೆ ವೇಗವಾಗಿ ಏರಿದ್ದು, ಖಗೋಳ ಚಿತ್ರಗಳಲ್ಲಿ ಅವುಗಳ ಗೆರೆಗಳು ಹೆಚ್ಚುತ್ತಿವೆ. ಈ ಸಮಸ್ಯೆಗಾಗಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟವು 2022ರಲ್ಲಿ ಪ್ರತ್ಯೇಕ ಕೇಂದ್ರವನ್ನು ತೆರೆಯಿತು. ಉಪಗ್ರಹಗಳು ಎಷ್ಟು ಪ್ರಕಾಶಮಾನವಾಗಿವೆ ಎಂಬುದನ್ನು ಅಳೆಯುವ ಕಾರ್ಯದಲ್ಲಿ ಹವ್ಯಾಸಿಗಳೂ ಪಾಲ್ಗೊಳ್ಳುತ್ತಿದ್ದಾರೆ.

ಹವ್ಯಾಸದ ಮುಖ್ಯ ಗುರಿಯಾದ ಬಾಹ್ಯಾಕಾಶ ನಿಲ್ದಾಣವಾದರೋ ಶಾಶ್ವತವಲ್ಲ. ನಾಸಾದ ಯೋಜನೆಯಂತೆ 2030ರವರೆಗೆ ಅದನ್ನು ನಡೆಸಿ, ಬಳಿಕ ಜನವಸತಿಯಿಂದ ದೂರದ ಸಾಗರ ಪ್ರದೇಶದ ಮೇಲೆ ನಿಯಂತ್ರಿತವಾಗಿ ಕೆಳಗಿಳಿಸಬೇಕಾಗಿದೆ. ಚೀನಾದ ತಿಯಾಂಗಾಂಗ್ ನಿಲ್ದಾಣವೂ ಸಣ್ಣ ದೂರದರ್ಶಕಗಳಲ್ಲಿ ಆಕಾರ ತೋರುತ್ತದೆಯಾದರೂ ಗಾತ್ರದಲ್ಲಿ ಚಿಕ್ಕದು. ಮಾನವ ನಿರ್ಮಿಸಿದ ವಸ್ತುವೊಂದನ್ನು ಗುರುಗ್ರಹದಷ್ಟು ದೊಡ್ಡದಾಗಿ ಮನೆಯಂಗಳದಿಂದ ಚಿತ್ರಿಸುವ ಅವಕಾಶ ಈ ಕಾರಣದಿಂದ ಸೀಮಿತ ಅವಧಿಯದು.